ಕಾಫಿಯ ಕಲ್ಲು

ಡಬ್ಬದ ಬಾಯಿಗೆ ಕಟ್ಟಿದ್ದ ಬಟ್ಟೆಯ ನಡುವೆ ಎರಡು ರೂಪಾಯಿ ನಾಣ್ಯದಷ್ಟು ಅಗಲದ ತೂತು. ಡಬ್ಬದೊಳಗೆ ಮಣ್ಣು ಇತ್ತು, ತೆಂಗಿನ ಗೆರಟೆ ಇತ್ತು, ಬಾಟಲಿಯ ಮುಚ್ಚಳದಲ್ಲಿ ನೀರೂ ಇತ್ತು. ಕಾಫಿ ಮಾತ್ರ ಇರಲಿಲ್ಲ.

ಅನಿಷಾ ಕೋಲಿನ ತುದಿಯಿಂದ ಗೆರಟೆಯನ್ನು ಎತ್ತಿ ನೋಡಿದಳು. ಡಬ್ಬಕ್ಕೆ ಒಂದು ಸುತ್ತು ಬಂದು ನೋಡಿದಳು. ಮಣ್ಣನ್ನು ಕೆದಕಿಯೂ ನೋಡಿದಳು.

ಕಾಫಿ ಎಂದರೆ ಕುಡಿಯುವ ಕಾಫಿ ಅಲ್ಲ. ಅದೊಂದು ಜೇಡ. ಕಾಫಿಪುಡಿಯ ಬಣ್ಣದ್ದು, ಮೈಯೆಲ್ಲ ರೋಮ, ಕಾಲು ಚಾಚಿದರೆ ಅನಿಷಾಳ ಅಂಗೈಯಷ್ಟು ಅಗಲ. ಅಂಥ ಜೇಡಕ್ಕೆ ಟರಂಟುಲಾ ಎನ್ನುತ್ತಾರೆಂದು ಶಾಲೆಯಲ್ಲಿ ವಿಜ್ಞಾನ ಕಲಿಸುವ ಸಾತ್ವಿಕಾ ಟೀಚರ್ ಹೇಳಿದ್ದರು.

ಅಡುಗೆಮನೆಯಲ್ಲಿ ಅಮ್ಮ ದೋಸೆ ಹೊಯ್ಯುತ್ತಿದ್ದರು. ಅನಿಷಾ ಬಾಗಿಲಲ್ಲೇ ನಿಂತು ಹೇಳಿದಳು.

"ಅಮ್ಮ, ಕಾಫಿ ಡಬ್ಬದಲ್ಲಿ ಇಲ್ಲ."

ಅಮ್ಮ ಒಮ್ಮೆ ನೆಲ ನೋಡಿದರು. ಮರುಕ್ಷಣ ಅವರು ಸ್ಟೂಲಿನ ಮೇಲಿದ್ದರು, ಕೈಯಲ್ಲಿ ಸೌಟು ಹಾಗೆಯೇ ಇತ್ತು. ಅಮ್ಮ ಅಷ್ಟು ವೇಗವಾಗಿ ಏನನ್ನಾದರೂ ಹತ್ತಿದ್ದನ್ನು ಅನಿಷಾ ಹಿಂದೆಂದೂ ನೋಡಿರಲಿಲ್ಲ. ಬೇರೆ ದಿನವಾಗಿದ್ದರೆ ನಗುತ್ತಿದ್ದಳು.

ಅಮ್ಮನಿಗೆ ನಿಜವಾಗಿ ಹೆದರಿಕೆಯಾದರೆ ಸ್ವರ ಏರುವುದಿಲ್ಲ, ಇಳಿಯುತ್ತದೆ. "ಸಂಜೆಯ ಊಟದ ಒಳಗೆ ಅದು ಸಿಗಬೇಕು ಅನಿಷಾ. ಸಿಗದಿದ್ದರೆ ಹಾವು ಹಿಡಿಯುವವರಿಗೆ ಫೋನ್ ಮಾಡ್ತೇನೆ. ಹಿಡಿದು ದೂರದ ಕಾಡಿಗೆ ಬಿಟ್ಟು ಬರಲಿ" ಎಂದರು.

ಅವರದ್ದು ಜೈನರ ಮನೆ. ಸಂಜೆಯ ಊಟ ಎಂದರೆ ಸೂರ್ಯ ಮುಳುಗುವ ಮೊದಲೇ ಮುಗಿಯಬೇಕು. ಎಂದರೆ ಅನಿಷಾಳಿಗೆ ಇದ್ದದ್ದು ಆರು ಗಂಟೆಯ ತನಕ.

ಇಷ್ಟಕ್ಕೆಲ್ಲ ಕಾರಣ ಮನೆಯ ಪಾಗಾರ, ಎಂದರೆ ಅಂಗಳದ ಸುತ್ತಿನ ಗೋಡೆ. ಗುರುವಾಯನಕೆರೆಯಲ್ಲಿ ಆ ವರ್ಷ ಸುರಿದ ಮಳೆಗೆ ಅನಿಷಾಳ ಮನೆಯ ಹಳೆಯ ಪಾಗಾರ ಅರ್ಧ ಬಿದ್ದುಹೋಗಿತ್ತು. ಉಳಿದ ಅರ್ಧ ರಸ್ತೆಯ ಕಡೆಗೆ ವಾಲಿ ನಿಂತಿತ್ತು. ಮಳೆ ಸ್ವಲ್ಪ ಬಿಟ್ಟ ಮೇಲೆ ಚನಿಯಪ್ಪ ಮೇಸ್ತ್ರಿ ಬಂದರು. ವಾಲಿದ್ದನ್ನು ಬಿಚ್ಚಿ, ಅದೇ ಕೆಂಪುಕಲ್ಲುಗಳಿಂದ ಹೊಸತಾಗಿ ಕಟ್ಟುವುದೆಂದು ಮಾತಾಯಿತು.

ಮೊದಲ ದಿನವೇ ಒಂದು ತುಂಡು ಕಲ್ಲಿನ ತೂತಿನಿಂದ ಈ ಜೇಡ ಹೊರಗೆ ಬಂತು. ಚನಿಯಪ್ಪ ಅದನ್ನು ಮುಟ್ಟಲಿಲ್ಲ, ಕಚ್ಚಿದರೆ ಚೇಳು ಕಚ್ಚಿದ ಹಾಗೆ ಉರಿಯುತ್ತದಂತೆ. ಒಂದು ಅಡಿಕೆ ಹಾಳೆಯ ತುಂಡನ್ನು ಅದರ ಮುಂದೆ ಹಿಡಿದು, ಮೆಲ್ಲ ಬಕೆಟಿಗೆ ಇಳಿಸಿದರು. ಹೆಣ್ಣಿರಬೇಕು, ಹೆಣ್ಣಾದರೆ ವರ್ಷಗಟ್ಟಲೆ ಒಂದೇ ತೂತಿನಲ್ಲಿ ಕೂರುತ್ತದೆ ಎಂದರು.

ಅನಿಷಾ ಬಕೆಟಿನ ಪಕ್ಕದಲ್ಲಿ ಕುಳಿತವಳು ಏಳಲಿಲ್ಲ. ಇದನ್ನು ಸಾಕುತ್ತೇನೆ ಎಂದಳು. ಅಮ್ಮ ಸಾಧ್ಯವೇ ಇಲ್ಲ ಎಂದರು. ಅಪ್ಪ, ಅಂದರೆ ವಿಮಲಕುಮಾರರು, ಯಾವಾಗಲೂ ಹೇಳುವಂತೆ "ನೋಡುವ" ಎಂದರು. ಕೊನೆಗೆ ಮಾತು ಮುಗಿಸಿದ್ದು ಅನಂತಮತಿ ಅಜ್ಜಿ.

"ಅವಳ ಮನೆ ಒಡೆದದ್ದು ನಾವು" ಎಂದರು ಅಜ್ಜಿ. "ಗೋಡೆ ಆಗುವವರೆಗೆ ಇಲ್ಲಿ ಇರಲಿ."

ಅನಿಷಾ ತಲೆಯಾಡಿಸಿದಳು. ಆದರೆ ಅವಳ ಮನಸ್ಸಿನ ಲೆಕ್ಕಾಚಾರ ಬೇರೆಯೇ ಇತ್ತು. ಚಂದದ ಮನೆಯೊಂದನ್ನು ಮಾಡಿಕೊಟ್ಟು, ಕಾಫಿ ಅದರಲ್ಲಿ ಹಾಯಾಗಿ ಕುಳಿತುಬಿಟ್ಟರೆ, ಆಮೇಲೆ ಹೋಗು ಎನ್ನುವವರು ಯಾರು?

ಚನಿಯಪ್ಪ ಆ ತುಂಡು ಕಲ್ಲನ್ನೂ ಎತ್ತಿ ತಂದು ಜಗಲಿಯಲ್ಲಿಟ್ಟರು. "ಇದನ್ನೂ ಒಳಗೆ ಇಡು ಮಗಾ. ಇದು ಅವಳದ್ದು" ಎಂದರು. ಕಲ್ಲು ತುಂಬ ತೂತುಗಳು, ಒಂದು ಬದಿಗೆ ಪಾಚಿ, ಮುಟ್ಟಿದಲ್ಲೆಲ್ಲ ಕೈಗೆ ಕೆಂಪು ಮಣ್ಣು. ಅನಿಷಾ ಆಯಿತು ಎಂದಳು. ಅವರು ಆಚೆ ಹೋದ ಮೇಲೆ ಅದನ್ನು ಎಳೆದುಕೊಂಡು ಹೋಗಿ ಹಿತ್ತಿಲ ಬಾಗಿಲಿಗೆ ಒತ್ತಾಗಿ ಇಟ್ಟಳು. ಗಾಳಿಗೆ ಪಟಪಟ ಬಡಿಯುತ್ತಿದ್ದ ಬಾಗಿಲು ಸುಮ್ಮನಾಯಿತು. ಅಷ್ಟಕ್ಕಾದರೂ ಕಲ್ಲು ಉಪಯೋಗಕ್ಕೆ ಬಂತು ಎಂದುಕೊಂಡಳು.

ಕಾಫಿಗೆ ಸಿಕ್ಕಿದ ಮೊದಲ ಮನೆ ಅಪ್ಪನ ಹಳೆಯ ಮೀನಿನ ಟ್ಯಾಂಕ್. ಅನಿಷಾ ಅದರಲ್ಲಿ ಬಣ್ಣದ ಕಲ್ಲು ಹರಡಿದಳು, ಪ್ಲಾಸ್ಟಿಕ್ ಗಿಡ ನೆಟ್ಟಳು, ಮೇಲೊಂದು ನೀಲಿ ಲೈಟ್ ಹಾಕಿದಳು. ಮದುವೆ ಮಂಟಪದ ಹಾಗೆ ಆಯಿತು. ಕಾಫಿ ಮೂಲೆಯಿಂದ ಮೂಲೆಗೆ ಓಡಿ, ಗಾಜು ಹತ್ತಿ, ಧೊಪ್ಪೆಂದು ಕೆಳಗೆ ಬಿತ್ತು. ಮತ್ತೆ ಹತ್ತಿತು, ಮತ್ತೆ ಬಿತ್ತು.

ಮರುದಿನ ಸಾತ್ವಿಕಾ ಟೀಚರ್ ವಿಷಯ ಕೇಳಿ ಗಾಬರಿಯಾದರು. ತೂತಿನಲ್ಲಿ ಬದುಕುವ ಟರಂಟುಲಾಕ್ಕೆ ಎತ್ತರದ ಮನೆ ಆಗದು, ಬಿದ್ದರೆ ಹೊಟ್ಟೆ ಒಡೆದು ಸಾಯಬಹುದು ಎಂದರು. ಲೈಟ್ ಬೇಡವೇ ಬೇಡ. ಆಳವಾಗಿ ಮಣ್ಣು ಬೇಕು, ಅಡಗಲು ಜಾಗ ಬೇಕು, ಚೂರು ನೀರು ಬೇಕು, ಗಾಳಿಯಾಡುವ ಗಟ್ಟಿ ಮುಚ್ಚಳ ಬೇಕು. ಅನಿಷಾ ಎಲ್ಲವನ್ನೂ ನೋಟ್ಸಿನ ಹಿಂದಿನ ಪುಟದಲ್ಲಿ ಬರೆದುಕೊಂಡಳು.

ಅಪ್ಪನದ್ದು ಹಾರ್ಡ್‌ವೇರ್ ಅಂಗಡಿ. ಸ್ಕ್ರೂ ತುಂಬಿಡುವ ಅಗಲವಾದ ಪ್ಲಾಸ್ಟಿಕ್ ಡಬ್ಬವೊಂದನ್ನು ಖಾಲಿ ಮಾಡಿ ತಂದರು. ಅದಕ್ಕೆ ಮಣ್ಣು, ತೆಂಗಿನ ನಾರಿನ ಹುಡಿ, ಕವುಚಿಟ್ಟ ಗೆರಟೆ. ಮುಚ್ಚಳ ಮಾತ್ರ ಗಾಳಿ ಹೋಗದಷ್ಟು ಬಿಗಿಯಾಗಿತ್ತು. ಆದಿತ್ಯವಾರ ಮೊಳೆ ಕಾಯಿಸಿ ತೂತು ಮಾಡಿ ಕೊಡುತ್ತೇನೆ, ಅಲ್ಲಿಯವರೆಗೆ ಕಾಫಿ ಮತ್ತೆ ಬಕೆಟಿನಲ್ಲೇ ಇರಲಿ ಎಂದರು ಅಪ್ಪ.

ಇನ್ನು ಊಟದ ಚಿಂತೆ. ಕಾಫಿ ತಿನ್ನುವುದು ಜೀವ ಇರುವ ಹುಳಗಳನ್ನು. ಇವರ ಮನೆಯಲ್ಲೋ, ಇರುವೆ ಸಾಲು ಅಡ್ಡ ಬಂದರೆ ಅದು ಮುಗಿಯುವವರೆಗೆ ಅಜ್ಜಿ ನಿಂತೇ ಇರುತ್ತಾರೆ. ಅನಿಷಾ ಅನ್ನ ಇಟ್ಟಳು, ಬಾಳೆಹಣ್ಣಿನ ಚೂರು ಇಟ್ಟಳು, ಪನೀರ್ ಕೂಡ ಇಟ್ಟಳು. ಕಾಫಿ ಯಾವುದನ್ನೂ ಮೂಸಲಿಲ್ಲ. ಅದು ಹಸಿವಿನಿಂದ ಸತ್ತರೆ ಎಂದು ಅನಿಷಾಳಿಗೆ ಅಳು ಬಂತು. ಆದರೆ ಬೆಳೆದ ಟರಂಟುಲಾ ನೀರೊಂದಿದ್ದರೆ ತಿಂಗಳುಗಟ್ಟಲೆ ಊಟವಿಲ್ಲದೆ ಇರಬಲ್ಲದು ಎಂದು ಟೀಚರ್ ಹೇಳಿದಾಗ, ಅವಳು ಶಾಲೆಯಿಂದ ಮನೆಯವರೆಗೆ ಓಡಿಯೇ ಬಂದಳು.

ಅಜ್ಜಿಗೆ ಅದು ದಶಲಕ್ಷಣ ಪರ್ವದ ವ್ರತದ ಸಮಯ. ಹತ್ತು ದಿನ ಹಗಲಿಗೆ ಒಂದೇ ಊಟ, ಕೊನೆಯ ದಿನ ಪೂರ್ತಿ ಉಪವಾಸ. ಸುದ್ದಿ ಕೇಳಿ ಅಜ್ಜಿ ನಕ್ಕರು. "ಹಾಗಾದರೆ ಅವಳದ್ದು ನನಗಿಂತ ದೊಡ್ಡ ವ್ರತ ಮಾರಾಯ್ತಿ" ಎಂದರು. ಅಂದಿನಿಂದ ಕಾಫಿಯ ನೀರಿನ ಮುಚ್ಚಳಕ್ಕೂ ಅಜ್ಜಿ ಸೋಸಿದ ನೀರೇ ಹೋಗತೊಡಗಿತು.

ಅಜ್ಜಿ ಸೋಸದ ನೀರನ್ನು ಮುಟ್ಟುವವರಲ್ಲ. ಬಾವಿಯ ನೀರನ್ನು ಎರಡು ಮಡಿಕೆಯ ಬಿಳಿ ಬಟ್ಟೆಯಲ್ಲಿ ಸೋಸುತ್ತಾರೆ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಗಳಿಗೆ ನೋವಾಗದಂತೆ, ಅದನ್ನು ನೀರಲ್ಲಿ ಅದ್ದಿ ತಿರುಗಿ ಬಾವಿಗೇ ಬಿಡುತ್ತಾರೆ. ಚಿಕ್ಕಂದಿನಿಂದ ಇದನ್ನು ನೋಡಿದ ಅನಿಷಾಳಿಗೆ ಶನಿವಾರ ಸಂಜೆ ಒಂದು ಉಪಾಯ ಹೊಳೆಯಿತು. ಕಣ್ಣಿಗೆ ಕಾಣದ ಜೀವವೇ ದಾಟಿ ಹೋಗದ ಬಟ್ಟೆ! ಅಂಗೈಯಷ್ಟು ದೊಡ್ಡ ಜೇಡ ದಾಟುವುದುಂಟೇ? ಗಾಳಿಗೆ ಗಾಳಿಯೂ ಆಯಿತು. ಪರ್ವಕ್ಕೆಂದು ತಂದ ಹೊಸ ಬಟ್ಟೆಯನ್ನು ಡಬ್ಬದ ಬಾಯಿಗೆ ಎಳೆದು ಕಟ್ಟಿ, ಎರಡು ರಬ್ಬರ್ ಬ್ಯಾಂಡ್ ಹಾಕಿ, ಬಕೆಟಿನಲ್ಲಿದ್ದ ಕಾಫಿಯನ್ನು ಹೊಸ ಮನೆಗೆ ಸೇರಿಸಿ ಮಲಗಿದಳು. ಬಾವಿಯ ಜೀವಗಳಿಗೆ ಕಚ್ಚುವ ಹಲ್ಲಿಲ್ಲ, ಕಾಫಿಗೆ ಉಂಟು ಎನ್ನುವುದು ಅವಳ ತಲೆಗೆ ಹೊಳೆಯಲೇ ಇಲ್ಲ.

ಈಗ ಬೆಳಗಾಗಿತ್ತು. ಅಜ್ಜಿ ಬಟ್ಟೆ ಹುಡುಕುತ್ತಾ ಬಂದರು.

ಅನಿಷಾ ತೂತಾದ ಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ನಿಂತಳು. ಬೈಗುಳ ಬರುತ್ತದೆಂದು ಕಾದಳು. ಅಜ್ಜಿ ಬಟ್ಟೆಯನ್ನು ನೋಡಿದರು, ಖಾಲಿ ಡಬ್ಬ ನೋಡಿದರು, ಆಮೇಲೆ ಕೇಳಿದ್ದು ಒಂದೇ ಮಾತು.

"ಯಾರೂ ತುಳಿಯಲಿಲ್ಲ ತಾನೇ?"

ಅನಿಷಾಳಿಗೆ ಆಗ ಅಳು ತಡೆಯಲಾಗಲಿಲ್ಲ. ಬೈದಿದ್ದರೆ ತಡೆಯಬಹುದಿತ್ತು.

ಅಜ್ಜಿ ಕಪಾಟಿನಿಂದ ಬೇರೆ ಬಿಳಿ ಬಟ್ಟೆ ತೆಗೆದುಕೊಂಡು ನೀರು ಸೋಸಲು ಹೋದರು. ಹೋಗುವ ಮೊದಲು ಮನೆಯವರಿಗೆಲ್ಲ ಒಂದು ನಿಯಮ ಹಾಕಿದರು. ಯಾರೂ ಓಡಬಾರದು, ನೆಲ ನೋಡದೆ ಯಾರೂ ಹೆಜ್ಜೆ ಇಡಬಾರದು. ಅಪ್ಪ ಕೂಡ ಕೊಕ್ಕರೆಯ ಹಾಗೆ ಒಂದೊಂದೇ ಕಾಲೆತ್ತಿ ನಡೆದರು.

"ನೋಡಿ ಕಾಲಿಡಿ ಅಂತ ಎಷ್ಟು ವರ್ಷದಿಂದ ಹೇಳ್ತಾ ಇದ್ದೇನೆ" ಎಂದರು ಅಜ್ಜಿ. "ಇವತ್ತು ಕೇಳಿತು ನಿಮಗೆಲ್ಲ."

ಅನಿಷಾ ಮಂಚದ ಕೆಳಗೆ ಟಾರ್ಚ್ ಹಾಕಿ ನೋಡಿದಳು. ಚಪ್ಪಲಿ, ಶೂ, ಶಾಲೆಯ ಬ್ಯಾಗು, ಒಗೆಯುವ ಬಟ್ಟೆಯ ರಾಶಿ, ಪುಸ್ತಕದ ಕಪಾಟು, ಒಂದನ್ನೂ ಬಿಡಲಿಲ್ಲ. ಅಮ್ಮ ಸ್ಟೂಲಿನಿಂದ ಇಳಿದು ಬಂದು, ಸೌಟನ್ನು ಮುಂದೆ ಹಿಡಿದುಕೊಂಡೇ ಅಕ್ಕಿ ಡಬ್ಬದ ಹಿಂದೆ ಹುಡುಕಿದರು. ಅದನ್ನು ಅನಿಷಾ ನೋಡಿದಳು. ಅಮ್ಮ ತನಗಾಗಿಯೇ ಹುಡುಕುತ್ತಿದ್ದಾರೆ ಎಂದು ಅವಳಿಗೆ ಗೊತ್ತಾಯಿತು. ಮಧ್ಯಾಹ್ನ ಕಳೆದು ನಾಲ್ಕು ಗಂಟೆಯಾಯಿತು. ಕಾಫಿಯ ಸುಳಿವಿಲ್ಲ.

ಹೊರಗೆ ಚನಿಯಪ್ಪ ಗಾರೆ ಕಲಸುತ್ತಿದ್ದರು. ಮಳೆ ಬಿಟ್ಟಿದೆಯೆಂದು ಆದಿತ್ಯವಾರವೂ ಕೆಲಸಕ್ಕೆ ಬಂದಿದ್ದರು. ಅನಿಷಾ ಅವರ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಹೇಳಿದಳು.

ಚನಿಯಪ್ಪ ಕೈ ಒರೆಸಿಕೊಂಡು ಯೋಚಿಸಿದರು. "ಅವಳು ನಮ್ಮ ಹಾಗೆ ಊರು ಸುತ್ತುವವಳಲ್ಲ ಮಗಾ. ತಂಪು ಬೇಕು, ಕತ್ತಲೆ ಬೇಕು, ಬೆನ್ನಿಗೆ ಕಲ್ಲು ತಾಗಬೇಕು. ಆ ಕಲ್ಲು ಡಬ್ಬದಲ್ಲಿ ಇತ್ತಲ್ಲ, ಅದರ ಒಳಗೆ ಸರಿಯಾಗಿ ನೋಡಿದೆಯಾ?"

ಅನಿಷಾ ಕಲ್ಲನ್ನು ಡಬ್ಬದಲ್ಲಿ ಇಟ್ಟೇ ಇರಲಿಲ್ಲ. ಅವಳ ಮುಖ ಬಿಸಿಯಾಯಿತು. ನೆಲ ನೋಡಿಕೊಂಡೇ, ಓಡದೆ, ಆದರೆ ಎಷ್ಟು ಬೇಗ ನಡೆಯಬಹುದೋ ಅಷ್ಟು ಬೇಗ ಅವಳು ಹಿತ್ತಿಲ ಬಾಗಿಲಿಗೆ ಹೋದಳು.

ಕಲ್ಲು ಅಲ್ಲೇ ಇತ್ತು. ಟಾರ್ಚನ್ನು ದೊಡ್ಡ ತೂತಿಗೆ ಹಿಡಿದಳು. ಒಳಗೆ, ಒಂದು ಗೇಣು ಆಳದಲ್ಲಿ, ಕಾಫಿ ಕಾಲುಗಳನ್ನೆಲ್ಲ ಮಡಚಿಕೊಂಡು ಕುಳಿತಿತ್ತು. ಇಡೀ ಮನೆ ದಾಟಿ, ಜಗಲಿ, ನಡುಮನೆ, ಅಡುಗೆಮನೆಯ ಅಂಚು ಎಲ್ಲ ದಾಟಿ, ತನ್ನ ಕಲ್ಲನ್ನು ತಾನೇ ಹುಡುಕಿಕೊಂಡಿತ್ತು.

ಅನಿಷಾ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ಕಾಫಿ ಇಲ್ಲಿ ಉಂಟು ಎಂದು ಕೂಗಿದಳು.

ಚನಿಯಪ್ಪ ಒಳಗೆ ಬಂದರು. ಕಲ್ಲು ಎಲ್ಲಿದೆ ಎಂದು ನೋಡಿದರು, ಬಾಗಿಲನ್ನೂ ನೋಡಿದರು. ಏನೂ ಕೇಳಲಿಲ್ಲ. ತೂತಿಗೆ ಹಾಳೆ ಅಡ್ಡ ಹಿಡಿದು, ಕಲ್ಲನ್ನು ಜೇಡದ ಸಮೇತ ಎತ್ತಿ ಡಬ್ಬದೊಳಗೆ ಕೂರಿಸಿದರು. ಅಪ್ಪ ಮೊಳೆ ಕಾಯಿಸಿ ಮುಚ್ಚಳಕ್ಕೆ ಇಪ್ಪತ್ತು ತೂತು ಕೊರೆದರು. ಅಮ್ಮ ದೂರದಿಂದಲೇ, ಮುಚ್ಚಳದ ಕ್ಲಿಪ್ ಸರಿಯಾಗಿ ಬಿದ್ದಿದೆಯಾ ಎಂದು ಮೂರು ಸಲ ಕೇಳಿ, ಫೋನನ್ನು ಮೇಜಿನ ಮೇಲಿಟ್ಟರು. ಆರಕ್ಕೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ವ್ರತದ ಅಜ್ಜಿಯನ್ನು ಬಿಟ್ಟು ಎಲ್ಲರೂ ಊಟಕ್ಕೆ ಕುಳಿತರು. ಅಂದಿನ ಸಾರು ಅನಿಷಾಳಿಗೆ ಎಂದಿಗಿಂತ ರುಚಿಯಾಗಿತ್ತು.

ಆಮೇಲಿನ ದಿನಗಳಲ್ಲಿ ಕಾಫಿ ಗಾಜು ಹತ್ತಿದಂತೆ ಡಬ್ಬದ ಬದಿ ಹತ್ತಲಿಲ್ಲ, ಬೀಳಲಿಲ್ಲ. ಅನಿಷಾ ಅಷ್ಟು ಶ್ರಮಪಟ್ಟು ಜರಡಿ ಹಿಡಿದ ಮಣ್ಣಿಗೂ ಇಳಿಯಲಿಲ್ಲ, ಗೆರಟೆಯ ಕಡೆ ತಿರುಗಿಯೂ ನೋಡಲಿಲ್ಲ. ಸಂಜೆ ಹೊತ್ತಿಗೆ ಎರಡು ಮುಂಗಾಲುಗಳ ತುದಿ ಕಲ್ಲಿನ ತೂತಿನ ಬಾಯಲ್ಲಿ ಕಾಣಿಸುತ್ತಿತ್ತು, ಅಷ್ಟೇ.

ಹೊರಗೆ ಗೋಡೆ ಏರುತ್ತಿತ್ತು. ಮೊದಲು ಅನಿಷಾಳ ಮೊಣಕಾಲಿನವರೆಗೆ, ಮತ್ತೆ ಸೊಂಟದವರೆಗೆ. ಪ್ರತಿ ದಿನ ಶಾಲೆಯಿಂದ ಬರುವಾಗ ಅವಳು ಗೋಡೆ ನೋಡುತ್ತಿದ್ದಳು. ಒಂದು ಜೋರು ಮಳೆ ಬಂದು ಕೆಲಸ ನಿಂತರೆ ಎಷ್ಟು ಒಳ್ಳೆಯದು ಎಂದು ಆಕಾಶವನ್ನೂ ನೋಡುತ್ತಿದ್ದಳು. ಆಕಾಶ ಅವಳ ಮಾತು ಕೇಳಲಿಲ್ಲ.

ಪರ್ವದ ಒಂಬತ್ತನೆಯ ದಿನ ಅವಳು ಬಂದಾಗ ಗೋಡೆ ಅವಳ ಎದೆಯಷ್ಟು ಎತ್ತರವಾಗಿತ್ತು. ಗೇಟಿನ ಪಕ್ಕ, ದಾಸವಾಳದ ಗಿಡದ ಹಿಂದೆ, ಒಂದು ಕಲ್ಲಿನ ಜಾಗ ಖಾಲಿ ಬಿಟ್ಟಿದ್ದರು. ಚನಿಯಪ್ಪ ಅಲ್ಲೇ ನಿಂತಿದ್ದರು.

"ಆ ಕಲ್ಲಿಗೆ ಇಲ್ಲಿ ಜಾಗ ಬಿಟ್ಟಿದ್ದೇನೆ ಮಗಾ. ನಾನು ಚಾ ಕುಡಿದು ಬರ್ತೇನೆ. ಅಷ್ಟರೊಳಗೆ ಹೇಳು" ಎಂದು ಹಿತ್ತಿಲ ಕಡೆಗೆ ಹೋದರು.

ಗೋಡೆ ಆಗುವವರೆಗೆ ಎಂದು ಅಜ್ಜಿ ಹೇಳಿದ್ದು ಚನಿಯಪ್ಪನಿಗೂ ಗೊತ್ತಿತ್ತು. ಆದರೂ ಕೇಳಿದರಲ್ಲ ಎನ್ನುವುದು ಅನಿಷಾಳ ಮನಸ್ಸಿಗೆ ತಾಗಿತು. ಅವಳು ಜಗಲಿಯಲ್ಲಿ ಡಬ್ಬದ ಎದುರು ಕುಳಿತಳು. ಬೇಡ ಎಂದರೆ ಅಪ್ಪ ನೋಡುವ ಎನ್ನುತ್ತಾರೆ. ಅತ್ತರೆ ಅಜ್ಜಿಯೂ ಇನ್ನೆರಡು ದಿನ ಕೊಟ್ಟಾರು. ಕಲ್ಲಿನ ಬಾಯಲ್ಲಿ ಎರಡು ಕಾಲಿನ ತುದಿಗಳು ಅಲ್ಲಾಡದೆ ಇದ್ದವು. ಅವು ತನ್ನನ್ನು ನೋಡುತ್ತಿಲ್ಲ, ಹೊರಗೆ ಅಂಗಳದ ಕಡೆಗೆ ಚಾಚಿವೆ ಎಂದು ಅವಳಿಗೆ ಅನಿಸಿತು.

ಚನಿಯಪ್ಪ ಚಾ ಮುಗಿಸಿ ಬಂದಾಗ ಅನಿಷಾ ಡಬ್ಬವನ್ನು ಅರ್ಧ ಅಂಗಳದವರೆಗೆ ಎಳೆದು ತಂದಿದ್ದಳು.

ಅಲ್ಲಿಂದ ಮುಂದೆ ಇಬ್ಬರೂ ಹಿಡಿದು ತಂದರು. ಮಳೆನೀರು ಒಳಗೆ ನಿಲ್ಲಬಾರದೆಂದು ಚನಿಯಪ್ಪ ಕಲ್ಲನ್ನು ಸ್ವಲ್ಪ ಮುಂದಕ್ಕೆ ಓರೆಯಾಗಿ ಇಟ್ಟರು. ತೂತಿನ ಬಾಯಿ ಮನೆಯ ಕಡೆಗೆ, ಅನಿಷಾ ಬಗ್ಗದೆ ನೋಡುವಷ್ಟು ಎತ್ತರದಲ್ಲಿ. ಮರುದಿನ ಗೋಡೆಗೆಲ್ಲ ಗಾರೆ ಬಳಿದರೂ ಆ ಕಲ್ಲನ್ನು ಮಾತ್ರ ಹಾಗೆಯೇ ಬಿಟ್ಟರು. ಹೊಸ ಅಂಗಿಗೆ ತೇಪೆ ಹಾಕಿದ ಹಾಗೆ ಕಾಣುತ್ತದೆ ಎಂದು ಅಪ್ಪ ಸ್ವಲ್ಪ ಗೊಣಗಿದರು. ಅಜ್ಜಿ ಅವರ ಕಡೆ ಒಮ್ಮೆ ನೋಡಿದರು. ಅಪ್ಪ ಚಂದ ಉಂಟು ಎಂದರು.

ಅದರ ಮರುದಿನ ಬೆಳಿಗ್ಗೆ ಅಜ್ಜಿಯ ಪಾರಣೆ, ಅಂದರೆ ಉಪವಾಸ ಬಿಡುವ ಊಟ. ಪರ್ವ ಮುಗಿದ ಆ ದಿನ ಜೈನರು ಒಬ್ಬರನ್ನೊಬ್ಬರು ಕ್ಷಮೆ ಕೇಳುತ್ತಾರೆ. ಅನಿಷಾ ಅಜ್ಜಿಯ ಕಾಲು ಮುಟ್ಟಿ ಬಟ್ಟೆಯ ವಿಷಯಕ್ಕೆ ಕ್ಷಮೆ ಕೇಳಿದಳು. ಅಮ್ಮನನ್ನು ಸ್ಟೂಲಿನ ವಿಷಯಕ್ಕೆ ಕೇಳಿದಳು. ಅಮ್ಮನಿಗೆ ಆಗ ನಗು ಬಂತು.

ಆಮೇಲೆ ಅವಳು ಗೋಡೆಯ ಹತ್ತಿರ ಹೋದಳು. ತೂತಿನ ಬಾಯಿಯ ಸುತ್ತ ಬಿಳಿ ನೂಲಿನ ತೆಳು ಹಾಸು ಬಂದಿತ್ತು. ಕೆಳಗೆ, ದಾಸವಾಳದ ಎಲೆಯ ಮೇಲೆ, ಒಂದು ಮಿಡತೆಯ ಎರಡು ಕಾಲುಗಳು ಬಿದ್ದಿದ್ದವು.

"ಅಜ್ಜಿ, ಕಾಫಿಯದ್ದೂ ಪಾರಣೆ ಆಯಿತು" ಎಂದಳು ಮೆಲ್ಲಗೆ.

ಅಜ್ಜಿ ಬಂದು ಮಿಡತೆಯ ಕಾಲುಗಳನ್ನು ತುಂಬ ಹೊತ್ತು ನೋಡಿದರು. ಕೈ ಮುಗಿದರು. ಮಿಡತೆಗೋ ಜೇಡಕ್ಕೋ ಅನಿಷಾಳಿಗೆ ತಿಳಿಯಲಿಲ್ಲ. ಅವಳೂ ಕೈ ಮುಗಿದಳು.

ಪಾರಣೆಯ ಪಾಯಸವನ್ನು ಒಂದು ದೊಡ್ಡ ಲೋಟದಲ್ಲಿ ಹಾಕಿಸಿಕೊಂಡು ಅನಿಷಾ ಚನಿಯಪ್ಪನನ್ನು ಹುಡುಕಿ ಹೋದಳು. ಅವರು ಅದೇ ರಸ್ತೆಯ ಕೊನೆಯಲ್ಲಿ, ನೋಣಯ್ಯನವರ ಮನೆಯ ಮೆಟ್ಟಿಲು ಕಟ್ಟುತ್ತಿದ್ದರು. ಪಾಯಸ ಕುಡಿಯುತ್ತಾ, ಡಬ್ಬವನ್ನು ಏನು ಮಾಡಿದೆ ಎಂದು ಕೇಳಿದರು.

"ಅಪ್ಪನ ಅಂಗಡಿಗೆ ಹೋಯಿತು. ಈಗ ಅದರಲ್ಲಿ ಸ್ಕ್ರೂ ಉಂಟು" ಎಂದಳು ಅನಿಷಾ. ಆಮೇಲೆ, ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದ ಮಾತನ್ನು ಹೇಳಿದಳು. "ಚನಿಯಪ್ಪಣ್ಣ, ಅವಳ ಮನೆಯನ್ನು ಮೊದಲ ದಿನವೇ ನೀವು ನನಗೆ ತಂದು ಕೊಟ್ಟಿದ್ದಿರಿ. ನಾನು ಅದನ್ನು ಬಾಗಿಲಿಗೆ ಇಟ್ಟೆ. ನೀವು ಯಾರಿಗೂ ಹೇಳಲಿಲ್ಲ."

ಚನಿಯಪ್ಪ ಲೋಟದ ತಳದಲ್ಲಿದ್ದ ಗೋಡಂಬಿಯನ್ನು ಬೆರಳಿನಿಂದ ತೆಗೆದು ಬಾಯಿಗೆ ಹಾಕಿಕೊಂಡರು. "ನನ್ನ ಅಪ್ಪನೂ ಮೇಸ್ತ್ರಿಯೇ. ಕಲ್ಲಿನ ಒಳಗೆ ಯಾರಾದರೂ ಇದ್ದರೆ ಅದಕ್ಕೆ ಗಾರೆ ಬಳಿಯುತ್ತಿರಲಿಲ್ಲ. ನನಗೂ ಅದೇ ಅಭ್ಯಾಸ" ಎಂದರು. ನಲ್ಲಿಯಲ್ಲಿ ಲೋಟ ತೊಳೆದು ಅವಳ ಕೈಗೆ ಕೊಟ್ಟರು.

ಅನಿಷಾ ಮನೆಗೆ ಹೊರಟಳು. ಅದು ಅವಳು ದಿನವೂ ಶಾಲೆಗೆ ಹೋಗುವ ರಸ್ತೆ. ಎರಡೂ ಬದಿಗೆ ಪಾಗಾರಗಳು, ಅವುಗಳನ್ನು ಅವಳು ಇದುವರೆಗೆ ಸರಿಯಾಗಿ ನೋಡಿಯೇ ಇರಲಿಲ್ಲ. ಅಂಚೆ ಕಚೇರಿಯ ಎದುರಿನ ಗೋಡೆಯಲ್ಲಿ ಗಾರೆ ಬಳಿಯದ ಒಂದು ಕಲ್ಲಿತ್ತು. ಅಕ್ಕಿ ಗಿರಣಿಯ ಗೋಡೆಯಲ್ಲಿ ಇನ್ನೊಂದು, ಅದರ ಬಾಯಲ್ಲಿ ಬಿಳಿ ನೂಲು. ತಿರುವಿನಲ್ಲಿ ಮತ್ತೊಂದು ಕಂಡಿತು.

ತಮ್ಮ ಮನೆಯ ಗೇಟಿಗೆ ಬಂದಾಗ ಅವಳು ದಾಸವಾಳದ ಹಿಂದೆ ಒಮ್ಮೆ ನೋಡಿದಳು. ಆಮೇಲೆ ಯಾವಾಗಲೂ ದಡಾರನೆ ತಳ್ಳುವ ಗೇಟನ್ನು, ಎರಡು ಕೈಯಲ್ಲಿ ಹಿಡಿದು ಮೆಲ್ಲ ಮುಚ್ಚಿದಳು.